ಒಣದ್ರಾಕ್ಷಿ ಖಾತೆಯ ಮೊತ್ತ: ಆಕ್ಸೆಸ್ ರಿಪೋರ್ಟೋ, ಪಿವಟ್ ಟೇಬಲ್ಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಟ್ಟಿಗಳನ್ನಿಟ್ಟು ರಿಪೋರ್ಟ್ ತೆಗೆಯುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ಗೆ. ವಿಜಯಪುರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವವನು ನಾನು. ತಿಕೋಟಾ, ಬಬಲೇಶ್ವರ ಕಡೆಯ ರೈತರು ಒಣದ್ರಾಕ್ಷಿಯನ್ನು 15 ಕೆಜಿ ಬಾಕ್ಸುಗಳಲ್ಲಿ ತಂದಿಟ್ಟು, ರೇಟು ನೋಡಿಕೊಂಡು ಒಯ್ಯುತ್ತಾರೆ. ಕೆಲವರು ಮಾಲಿನ ಮೇಲೆ ಮುಂಗಡವನ್ನೂ ತಗೊಂಡಿರುತ್ತಾರೆ. ನನಗೆ ಬೇಕಾದದ್ದು ಇಷ್ಟೇ: ಒಬ್ಬೊಬ್ಬ ರೈತರ ಹೆಸರಿನ ಕೆಳಗೆ ಅವರ ಲಾಟುಗಳು (ಒಂದೊಂದು ಸಲ ತಂದಿಟ್ಟ ಮಾಲು), ಅದರಡಿ ಅವರ ಮೊತ್ತ, ಕಟ್ಟಕಡೆಗೆ ಎಲ್ಲರದೂ ಸೇರಿ ಒಂದು ಮೊತ್ತ.

ಎಕ್ಸೆಲ್‌ನ ಪಿವಟ್ ಟೇಬಲ್, ಅಂದರೆ ಉದ್ದ ಪಟ್ಟಿಯನ್ನು ಗುಂಪು ಮಾಡಿ ತಾನೇ ಕೂಡಿಸಿ ತೋರಿಸುವ ಸೌಲಭ್ಯ, ಅದರ ವೇಗಕ್ಕೆ ಸಾಟಿಯಿಲ್ಲ. ಸಾವ್ಕಾರ್ರು ಫೋನ್ ಹಚ್ಚಿ "ಈ ತಿಂಗಳ ಎಷ್ಟ ಬಾಕ್ಸ್ ಹೊರಗ ಹೋದ್ವು?" ಅಂದರೆ ಫೋನ್ ಇಡುವುದರೊಳಗೆ ಉತ್ತರ ರೆಡಿ. ಹೊಸ ಎಂಟ್ರಿ ಹಾಕಿದ ಮೇಲೆ ರಿಫ್ರೆಶ್ ಒತ್ತದಿದ್ದರೆ ಹಳೇ ಲೆಕ್ಕವೇ ಕೂತಿರುತ್ತದೆ. ಅದನ್ನೂ ಸಹಿಸಬಹುದು.

ಸಹಿಸಲಾಗದ್ದು ಮುಂಗಡದ ರಗಳೆ. ಒಬ್ಬ ರೈತರು ನಾಲ್ಕು ಸಲ ಮಾಲು ಇಟ್ಟರು ಅನ್ನಿ: 120, 80, 150, 50 ಬಾಕ್ಸ್. ಒಟ್ಟು 400 ಬಾಕ್ಸ್, ಅಂದರೆ 60 ಕ್ವಿಂಟಲ್. ಅವರು ತಗೊಂಡ ಮುಂಗಡ ಒಂದೇ ಸಲ, 50,000 ರೂಪಾಯಿ. ಲಾಟಿನ ಪಟ್ಟಿಗೆ ಮುಂಗಡದ ಪಟ್ಟಿ ಜೋಡಿಸಿದ ಕೂಡಲೇ ಆ 50,000 ನಾಲ್ಕೂ ಸಾಲಿನಲ್ಲಿ ಬಂದು ಕೂರುತ್ತದೆ. ಪಿವಟ್ ಅದನ್ನು ಪ್ರಾಮಾಣಿಕವಾಗಿ ಕೂಡಿಸಿ 2,00,000 ತೋರಿಸುತ್ತದೆ. ಅದರ ಪ್ರಿಂಟ್ ರೈತರ ಕೈಗೆ ಹೋದರೆ "ನಂದ ಅಡ್ವಾನ್ಸ್ ಐವತ್ತ ಸಾವಿರ ಅಲ್ರೀ? ಎರಡ ಲಕ್ಷ ಹೆಂಗ ಆತ್ರೀ?" ಎಂದು ಕೇಳದೇ ಬಿಡುತ್ತಾರೆಯೇ?

ಸಮ್ (ಕೂಡಿಸುವುದು) ಬದಲು ಮ್ಯಾಕ್ಸ್ (ಎಲ್ಲಕ್ಕಿಂತ ದೊಡ್ಡ ಅಂಕಿ) ಹಾಕು ಎಂದು ಗೆಳೆಯನೊಬ್ಬ ಉಪಾಯ ಕೊಟ್ಟ. ಹಾಕಿದೆ. ಪ್ರತಿ ರೈತರ ಸಾಲು ಸರಿಹೋಯಿತು, ಆದರೆ ಗ್ರ್ಯಾಂಡ್ ಟೋಟಲ್ ಕೆಟ್ಟಿತು. ಪಿವಟ್ ಅಲ್ಲೂ ಮ್ಯಾಕ್ಸನ್ನೇ ಹಿಡಿಯುವುದರಿಂದ, ಎಲ್ಲರ ಮುಂಗಡದ ಮೊತ್ತ ಇರಬೇಕಾದ ಜಾಗದಲ್ಲಿ ಎಲ್ಲರಿಗಿಂತ ಹೆಚ್ಚು ತಗೊಂಡವರ ಮುಂಗಡ ಒಂದೇ ಕಾಣುತ್ತದೆ. ಇಂಥ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ, ಅಂಕಿ ನೋಡಲು ನಂಬುವಂತೆಯೇ ಇರುತ್ತದೆ.

ಆಕ್ಸೆಸ್‌ನಲ್ಲಿ ರಿಪೋರ್ಟನ್ನು ಖಾತೆ ನಂಬರಿನ ಮೇಲೆ ಗ್ರೂಪ್ ಮಾಡಿದೆ. ಹೆಸರಿನ ಮೇಲೆ ಮಾಡಲಿಲ್ಲ, ಒಂದೇ ಹೆಸರಿನವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ಮೇಲಾಗಿ ನಮ್ಮ ಹಳೇ ಹೆಸರುಗಳೆಲ್ಲ ಯೂನಿಕೋಡ್ ಅಲ್ಲದ ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಆದವು, ಅವನ್ನು ಅಕಾರಾದಿಯಲ್ಲಿ ಜೋಡಿಸಲು ಹೋದರೆ ದೇವರೇ ಗತಿ. ಬಾಕ್ಸುಗಳ ಮೊತ್ತಕ್ಕೆ ಗ್ರೂಪ್ ಫೂಟರಿನಲ್ಲಿ, ಅಂದರೆ ಒಬ್ಬೊಬ್ಬ ರೈತರ ಪಟ್ಟಿಯ ಕೆಳಭಾಗದಲ್ಲಿ, ಒಂದು ಸಮ್ ಸಾಕು. ಮುಂಗಡದ ಟೆಕ್ಸ್ಟ್ ಬಾಕ್ಸನ್ನು (ಅಂಕಿ ತೋರಿಸುವ ಚೌಕ) ಮಾತ್ರ ಗ್ರೂಪ್ ಹೆಡರಿನಲ್ಲಿ, ಅಂದರೆ ಆ ಪಟ್ಟಿಯ ತಲೆಭಾಗದಲ್ಲಿ, ಇಟ್ಟೆ. ಹೆಡರ್ ರೈತರಿಗೊಂದು ಸಲ ಬರುವುದರಿಂದ ಮುಂಗಡವೂ ಒಂದೇ ಸಲ ಬರುತ್ತದೆ. ಅದರ ಪಕ್ಕ ಇನ್ನೊಂದು ಟೆಕ್ಸ್ಟ್ ಬಾಕ್ಸಿಟ್ಟು, ಅದಕ್ಕೂ ಅದೇ ಮುಂಗಡ ಕೊಟ್ಟು, ರನ್ನಿಂಗ್ ಸಮ್ (ಸಾಲಾಗಿ ಕೂಡಿಸುತ್ತ ಹೋಗುವುದು) ಅನ್ನು 'ಓವರ್ ಆಲ್' (ಮೊದಲಿಂದ ಕೊನೆಯವರೆಗೆ) ಮಾಡಿ, ವಿಸಿಬಲ್ 'ನೋ' ಮಾಡಿ ಮರೆಸಿದೆ. ರಿಪೋರ್ಟ್ ಫೂಟರಿನಲ್ಲಿ ಆ ಮರೆಯ ಬಾಕ್ಸಿನ ಹೆಸರು ಬರೆದರೆ ಎಲ್ಲರ ಮುಂಗಡದ ನಿಜವಾದ ಮೊತ್ತ ಬಂತು. ಗ್ರೂಪ್ ಫೂಟರಿಗೆ 'ಫೋರ್ಸ್ ನ್ಯೂ ಪೇಜ್' ಕೊಟ್ಟ ಮೇಲೆ ರೈತರಿಗೊಂದು ಹಾಳೆ, ಹರಿದು ಕೈಗೆ ಕೊಡುವುದಷ್ಟೇ.

ಆಕ್ಸೆಸ್‌ಗೂ ಹಟವಿದೆ. ಪೇಜ್ ಫೂಟರಿನಲ್ಲಿ ಸಮ್ ಬರೆದರೆ ಎರರ್ ಎಂದು ಮುಖ ತಿರುಗಿಸುತ್ತದೆ. ಸಮ್ ಒಳಗೆ ಟೇಬಲ್ಲಿನ ಫೀಲ್ಡಿನ (ಕಾಲಮ್ಮಿನ) ಹೆಸರೇ ಬೇಕು, ಟೆಕ್ಸ್ಟ್ ಬಾಕ್ಸಿನ ಹೆಸರು ನಡೆಯದು. ವಿಂಡೋಸ್ ಬಿಟ್ಟು ಬೇರೆಲ್ಲೂ ಓಡದು.

ಲಿಬ್ರೆಆಫೀಸ್ ಬೇಸ್ ಎಂಬ ಇದೇ ಬಗೆಯ ತಂತ್ರಾಂಶ ಪುಕ್ಕಟೆ. ಗ್ರೂಪ್ ಮಾಡುತ್ತದೆ, ಕೂಡಿಸುತ್ತದೆ. ಆದರೆ ರಿಪೋರ್ಟಿಗೆ ಜಾವಾ ಎಂಬ ಬೇರೆ ತಂತ್ರಾಂಶ ಬೇಕು, ನಮ್ಮ ಆಫೀಸಿನ ಮುದಿ ಕಂಪ್ಯೂಟರಿನಲ್ಲಿ ಅದು ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು.

ರೊಕ್ಕದ ಮಾತು. ಅಂಗಡಿಯಲ್ಲಿ 'ಹೋಮ್ ಅಂಡ್ ಬಿಸಿನೆಸ್' ಆಫೀಸ್ ಕೊಟ್ಟರೆ ತಗೋಬೇಡಿ, ಅದರಲ್ಲಿ ಆಕ್ಸೆಸ್ ಇರುವುದಿಲ್ಲ. ಬಿಸಿನೆಸ್ ಎಂಬ ಹೆಸರು ನೋಡಿ ನಮ್ಮ ಸಾವ್ಕಾರ್ರು ಅದನ್ನೇ ತಂದಿದ್ದರು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ರಿಪೋರ್ಟ್ ತಯಾರಿಸುವ ಒಂದು ಕಂಪ್ಯೂಟರಿಗೆ ಪೂರಾ ಆಕ್ಸೆಸ್ ಇದ್ದರೆ ಸಾಕು, ಪ್ರಿಂಟ್ ತೆಗೆಯುವ ಉಳಿದ ಕಂಪ್ಯೂಟರುಗಳಿಗೆ, ತಯಾರಾದದ್ದನ್ನು ಓಡಿಸಲಷ್ಟೇ ಬರುವ ಆಕ್ಸೆಸ್ ರನ್‌ಟೈಮ್ ಉಚಿತವಾಗಿಯೇ ಸಿಗುತ್ತದೆ. ಮುಂಗಡದ ಗೊಡವೆಯಿಲ್ಲದೆ ಬರೀ ಬಾಕ್ಸ್ ಎಣಿಸುವವರು ಇಷ್ಟೆಲ್ಲ ಮಾಡುವುದು ಬೇಡ, ಪಿವಟ್ಟಿನಲ್ಲೇ ಇರಿ.