ಹಳೆ ಮಾಲೀಕನಿಂದ ಇನ್‌ಸ್ಪೆಕ್ಷನ್ ಸಹಿ ಹಾಕಿಸಿಕೊಳ್ಳಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಎಕ್ಸ್‌ಪೆರಿಮೆಂಟಲ್ ಲೈಟ್ ಸ್ಪೋರ್ಟ್ ವಿಮಾನ (ಹವ್ಯಾಸಕ್ಕೆ ಹಾರಿಸುವ ಚಿಕ್ಕ, ಹಗುರ ವಿಮಾನ) ಕೊಳ್ಳಲು ಹೊರಟ ನಮ್ಮವರು ಇದ್ದರೆ ದಯವಿಟ್ಟು ಓದಿ.

2023ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಎರಡು ಸೀಟಿನದೊಂದು ಕೊಂಡೆ, ರೋಟ್ಯಾಕ್ಸ್ 912 ಇಂಜಿನ್. ಮಾರಿದವನು 16 ಗಂಟೆಯ ಕೋರ್ಸ್ ಮಾಡಿ ರಿಪೇರ್‌ಮನ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದ, ವರ್ಷಾ ವರ್ಷ ಕಂಡಿಷನ್ ಇನ್‌ಸ್ಪೆಕ್ಷನ್ (ವಿಮಾನ ಹಾರಾಟಕ್ಕೆ ಸುರಕ್ಷಿತವೇ ಎಂಬ ತಪಾಸಣೆ) ತಾನೇ ಮಾಡಿ ಸಹಿ ಹಾಕುತ್ತಿದ್ದ. ಅವನ ವಿಮಾನ, ಅವನ ಸಹಿ, ಅಲ್ಲಿಗೆ ಸರಿ. ಮೇ ತಿಂಗಳಲ್ಲಿ ಅವನು ಮಾಡಿದ್ದ ಇನ್‌ಸ್ಪೆಕ್ಷನ್‌ನ ಅವಧಿ ಮುಗಿಯಿತು. "ಮೆಕ್ಯಾನಿಕ್‌ಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ ಸುರೀತೀರಿ, ಇದರ ಒಂದೊಂದು ನಟ್ಟೂ ನನಗೆ ಗೊತ್ತು, 600 ಡಾಲರ್ ಕೊಡಿ" ಎಂದ. ಕೊಟ್ಟೆ. ಸಹಿ ಹಾಕಿದ. ಅದನ್ನು ನಂಬಿ 31 ಗಂಟೆ ಹಾರಿಸಿದೆ, ಎರಡು ಸಲ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು.

ಸೆಪ್ಟೆಂಬರ್‌ನಲ್ಲಿ ಕೂಲಂಟ್ ಸೋರುತ್ತಿದೆ ಅಂತ ಒಬ್ಬ ಎ ಅಂಡ್ ಪಿ ಮೆಕ್ಯಾನಿಕ್‌ಗೆ (ವಿಮಾನದ ಬಾಡಿ, ಇಂಜಿನ್ ಎರಡಕ್ಕೂ ಲೈಸೆನ್ಸ್ ಇರುವ ಮೆಕ್ಯಾನಿಕ್) ತೋರಿಸಿದೆ. ಅವರು ಲಾಗ್‌ಬುಕ್ ತೆರೆದು, ಮೇ ತಿಂಗಳ ಸಹಿಯ ಮೇಲೆ ಬೆರಳಿಟ್ಟು, "ಆಗ ಇದು ಯಾರ ಹೆಸರಲ್ಲಿತ್ತು?" ಎಂದು ಕೇಳಿದರು. ನನ್ನ ಹೆಸರಲ್ಲಿ ಎಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಗ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಆ ಸರ್ಟಿಫಿಕೇಟ್ ಇದ್ದವನು ತನ್ನ ಸ್ವಂತ ವಿಮಾನಕ್ಕೆ ಮಾತ್ರ ಇನ್‌ಸ್ಪೆಕ್ಷನ್ ಸಹಿ ಹಾಕಬಹುದು. ಮಾರಿದ ದಿನವೇ ಅವನ ಸಹಿಗೆ ಬೆಲೆ ಹೋಗಿತ್ತು. ಅಂದರೆ ನಾಲ್ಕು ತಿಂಗಳು ನಾನು ಇನ್‌ಸ್ಪೆಕ್ಷನ್ನೇ ಇಲ್ಲದ ವಿಮಾನ ಹಾರಿಸಿದ್ದೆ. ಮಗಳನ್ನು ಕೂರಿಸಿಕೊಂಡು!

ಆಮೇಲೆ ಅವರು ಕಾರ್ಬ್ಯುರೇಟರ್ ಹತ್ತಿರದ ಪೆಟ್ರೋಲ್ ಹೋಸ್ ಬಗ್ಗಿಸಿ ತೋರಿಸಿದರು. ಮೈಯೆಲ್ಲ ಬಿರುಕು, ಉಗುರು ತಾಗಿಸಿದರೆ ಕರಿ ಪುಡಿ ಉದುರುತ್ತದೆ. ರಬ್ಬರ್ ಹೋಸುಗಳನ್ನು 5 ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ ರೋಟ್ಯಾಕ್ಸ್. ಇದರ ಮೇಲಿದ್ದ ಇಸವಿ 2014. ಇದನ್ನು ನೋಡಿಯೂ ಅವನು ಹಾರಾಟಕ್ಕೆ ಸುರಕ್ಷಿತ ಎಂದು ಬರೆದುಕೊಟ್ಟಿದ್ದ.

ಫೋನ್ ಮಾಡಿದೆ. "ಅದೇ ವಿಮಾನ, ಅದೇ ಕೈ, ಏನು ವ್ಯತ್ಯಾಸ?" ಎಂದ. ದುಡ್ಡು ವಾಪಸ್ ಕೇಳಿದರೆ, "ಎಕ್ಸ್‌ಪೆರಿಮೆಂಟಲ್‌ಗೆ ಯಾರು ಬೇಕಾದರೂ ಕೆಲಸ ಮಾಡಬಹುದು, ಗೊತ್ತಿಲ್ವಾ?" ಅಂತ ನನಗೇ ಪಾಠ ಹೇಳಿದ. ಇದೇ ಮಾತಿನಿಂದಲೇ ಟೋಪಿ ಹಾಕುವುದು. ಆಯಿಲ್, ಪ್ಲಗ್, ರಿಪೇರಿ ಯಾರು ಬೇಕಾದರೂ ಮಾಡಲಿ, ನಿಜ. 12 ತಿಂಗಳಿಗೊಮ್ಮೆ ಮಾಡಬೇಕಾದ ಇನ್‌ಸ್ಪೆಕ್ಷನ್ ಬೇರೆ. ಅದು ಬೇರೆಯೇ! ಕೊನೆಗೆ ಒಂದು ಮೆಸೇಜ್ ಬಂತು: "ರೂಲ್ಸ್ ನೀವು ಓದಿಕೊಳ್ಳಬೇಕಿತ್ತು." ಅಷ್ಟೇ. ಆಮೇಲೆ ಫೋನ್ ಎತ್ತುತ್ತಿಲ್ಲ.

ಕೊಂಡ ಮೇಲೆ ಆ 16 ಗಂಟೆಯ ಕೋರ್ಸ್ ನೀವೇ ಮಾಡಿ, ಎಫ್‌ಎಎಯಿಂದ (ಅಮೆರಿಕದ ವಿಮಾನಯಾನ ಇಲಾಖೆ) ನಿಮ್ಮದೇ ಸರ್ಟಿಫಿಕೇಟ್ ಪಡೆಯಿರಿ. ಆಗದಿದ್ದರೆ ಎ ಅಂಡ್ ಪಿ ಹತ್ತಿರ ಹೋಗಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಮಾರಿದವನು ಎಷ್ಟೇ ಒಳ್ಳೆಯವನಂತೆ ಕಂಡರೂ ಅವನ ಕೈಗೆ ಲಾಗ್‌ಬುಕ್ ಕೊಡಬೇಡಿ. ನಾನು ಹೋಸುಗಳನ್ನೆಲ್ಲ ಬದಲಿಸಿ, ಹೊಸದಾಗಿ ಇನ್‌ಸ್ಪೆಕ್ಷನ್ ಮಾಡಿಸಿದೆ. ಆ 2014ರ ಹೋಸ್ ಬಿಸಾಡಿಲ್ಲ, ಇಟ್ಟುಕೊಂಡಿದ್ದೇನೆ.