ಬೋರ್ಡ್ ಮೇಲಿನ ಲೈಟು: ಉನೊ, ನೋಡ್‌ಎಂಸಿಯು, ಪಿಕೊ

ತಂಗಿ ಮಗ, ಎಂಟನೇ ಕ್ಲಾಸಿನವ, ಡೊಂಬಿವ್ಲಿಯ ನಮ್ಮ ಮನೆಗೆ ರಜೆಗೆ ಬಂದಿದ್ದ. "ಮಾಮಾ, ಕೋಡ್ ಬರೆದು ಲೈಟ್ ಹಚ್ಚೋಣ" ಅಂತ ಗಂಟುಬಿದ್ದ. ಶನಿವಾರ ದಾದರ್‌ನಲ್ಲಿ ಟ್ರೇನ್ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರ್ ಆದ ಲ್ಯಾಮಿಂಗ್ಟನ್ ರಸ್ತೆಯಿಂದ ಮೂರು ಮೈಕ್ರೊಕಂಟ್ರೋಲರ್ ಬೋರ್ಡ್ ತಂದೆವು: ಉನೊ, ನೋಡ್‌ಎಂಸಿಯು, ಪಿಕೊ. ಕಂಪ್ಯೂಟರಿನಿಂದ ಕೋಡ್ ತುಂಬಿದರೆ ಅದರಂತೆ ಕೆಲಸ ಮಾಡುವ ಪುಟ್ಟ ಸರ್ಕ್ಯೂಟ್‌ಗಳಿವು. ಹೊರಗಿನ ವೈರು ಬೇಡ, ಬೋರ್ಡ್ ಮೇಲಿರುವ ಪುಟ್ಟ ಲೈಟು, ಅಂದರೆ ಎಲ್‌ಇಡಿಯೇ ಸಾಕು ಎಂದುಕೊಂಡೆವು.

ಆರ್ಡುಯಿನೊ ಉನೊದಲ್ಲಿ ಅದು 13ನೇ ಪಿನ್‌ಗೆ (ಕೋಡ್ ಹೇಳಿದಂತೆ ಆನ್-ಆಫ್ ಆಗುವ ಕಾಲು) ಸೇರಿದೆ. ಬ್ಲಿಂಕ್ ಉದಾಹರಣೆ ಸಾಫ್ಟ್‌ವೇರ್‌ನಲ್ಲೇ ಇದೆ, ಅಪ್‌ಲೋಡ್ ಮಾಡಿದರೆ ಆಯಿತು. ಡಿಲೇ 1000 ಮಿಲಿಸೆಕೆಂಡ್ ಇದ್ದದ್ದನ್ನು 100 ಮಾಡಿದಾಗ ಹುಡುಗ ಕುಣಿದಾಡಿದ. ಆಮೇಲೆ "ನಿಧಾನಕ್ಕೆ ಹತ್ತಿ ನಿಧಾನಕ್ಕೆ ಆರಬೇಕು" ಅಂದ. ಅಲ್ಲೇ ಸಿಕ್ಕಿಬಿದ್ದೆವು. ಅದಕ್ಕೆ ಪಿಡಬ್ಲ್ಯೂಎಂ ಬೇಕು, ಅಂದರೆ ಬಹಳ ವೇಗವಾಗಿ ಆನ್-ಆಫ್ ಮಾಡಿ ಬೆಳಕು ಹೆಚ್ಚು-ಕಡಿಮೆ ಮಾಡುವ ಉಪಾಯ. ಉನೊದಲ್ಲಿ ಅದು ಇರುವುದು 3, 5, 6, 9, 10, 11ನೇ ಪಿನ್‌ಗಳಲ್ಲಿ ಮಾತ್ರ. 13ಕ್ಕೆ ಅನಲಾಗ್‌ರೈಟ್ ಎಂಬ ಆದೇಶದಲ್ಲಿ ಬೆಳಕಿನ ಅಂಕಿ ಕೊಟ್ಟರೆ, ಅದು 128ಕ್ಕಿಂತ ಕಡಿಮೆ ಇದ್ದಾಗ ಆಫ್, ಉಳಿದಂತೆ ಪೂರ್ತಿ ಆನ್.

ನೋಡ್‌ಎಂಸಿಯು ಸ್ವಲ್ಪ ತರಲೆ. ಅದರ ಜಿಪಿಐಒ 2 ಎಂಬ ಪಿನ್‌ನ ಲೈಟು ಲೋ (ವೋಲ್ಟೇಜ್ ಇಲ್ಲ) ಕೊಟ್ಟರೆ ಹತ್ತುತ್ತದೆ, ಹೈ (ವೋಲ್ಟೇಜ್ ಇದೆ) ಕೊಟ್ಟರೆ ಆರುತ್ತದೆ. ಒಂದು ಸೆಕೆಂಡ್ ಆನ್, ಒಂದು ಸೆಕೆಂಡ್ ಆಫ್ ಇದ್ದಾಗ ಗೊತ್ತೇ ಆಗಲಿಲ್ಲ. ಚಿಕ್ಕ ಮಿಂಚು, ಉದ್ದ ಕತ್ತಲೆ ಬರೆದಾಗ ಉದ್ದಕ್ಕೂ ಉರಿದು ಒಮ್ಮೆ ಕಣ್ಣು ಮುಚ್ಚಿತು! "ಕೆಟ್ಟಿದೆ ಮಾಮಾ" ಅಂದ. ಸಾಲದ್ದಕ್ಕೆ ಬೋರ್ಡ್ ಮೇಲೆ ಆ ಪಿನ್‌ಗೆ ಡಿ4 ಅಂತ ಅಚ್ಚಾಗಿದೆ. ಕೋಡಿನಲ್ಲಿ ಸುಮ್ನೆ 4 ಬರೆದರೆ ಅದು ಡಿ2 ಎಂಬ ಬೇರೆಯೇ ಪಿನ್. ಮಂಕು ಮಾಡಲು ಬರುತ್ತದೆ, ಆದರೆ ಲೆಕ್ಕ ತಲೆಕೆಳಗು.

ಪಿಕೊ ಜತೆ ಅರ್ಧ ಗಂಟೆ ಹಾಳಾಯಿತು, ತಪ್ಪು ಅದರದಲ್ಲ. ಬೋರ್ಡ್ ಮೇಲಿನ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಹಾಗೆ ಕಾಣಬೇಕಿತ್ತು, ಕಾಣಲಿಲ್ಲ. ಹಳೆ ಕೇಬಲ್ ಬರೀ ಚಾರ್ಜಿಂಗ್‌ನದು! ಕೇಬಲ್ ಬದಲಿಸಿ ಮೈಕ್ರೊಪೈಥಾನ್ (ಇಂಥ ಬೋರ್ಡ್‌ಗಳಿಗೆ ಮಾಡಿದ ಪೈಥಾನ್ ಭಾಷೆ) ಹಾಕಿದ ಮೇಲೆ ಸಲೀಸು. ಥಾನಿ ಎಂಬ ಕೋಡ್ ಬರೆಯುವ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದ ಕೂಡಲೇ ಲೈಟು. 25ನೇ ಪಿನ್, ಹೈ ಎಂದರೆ ಹೈ. ಪಿಡಬ್ಲ್ಯೂಎಂ 0ಯಿಂದ 65535ರವರೆಗೆ, ಬೇಕಾದಷ್ಟು ಮಂಕು.

ಅಂಗಡಿಯಲ್ಲಿ "ಸ್ವಲ್ಪ ಜಾಸ್ತಿ ಕೊಟ್ಟು ವೈಫೈ ಇರೋ ಪಿಕೊ ಡಬ್ಲ್ಯೂ ತಗೊಳ್ಳಿ" ಅಂದಿದ್ದರು. ತರದಿದ್ದದ್ದೇ ಒಳ್ಳೆಯದಾಯಿತು. ಅದರ ಲೈಟು ವೈಫೈ ಚಿಪ್‌ಗೆ ಅಂಟಿಕೊಂಡಿದೆ. 25 ಅಂದರೆ ಕೇಳುವುದಿಲ್ಲ, "ಎಲ್‌ಇಡಿ" ಅಂತ ಹೆಸರು ಹಿಡಿದೇ ಕರೆಯಬೇಕು. ಆ ಲೈಟಿಗೆ ಪಿಡಬ್ಲ್ಯೂಎಂ ಕೂಡ ಇಲ್ಲ. ಇದೇ ಕೆಲಸಕ್ಕೆ ಅಗ್ಗದ್ದೇ ಮೇಲು, ವಿಚಿತ್ರ ಅಲ್ವಾ?

ಪಿಕೊ ಅಳಿಯನ ಬ್ಯಾಗ್ ಸೇರಿತು. ಉನೊ ನನ್ನ ಮೇಜಿನ ಮೇಲಿದೆ. ನೋಡ್‌ಎಂಸಿಯು ಸದ್ಯಕ್ಕೆ ಬಿಸ್ಕತ್ ಡಬ್ಬಿಯಲ್ಲಿ.