ಫ್ರಾಂಚೈಸಿ ಕಾಗದ ಓದಿಕೊಟ್ಟ ಹಾಸನದ ವಕೀಲರು

ಹಾಸನದ ವಿದ್ಯಾನಗರದಲ್ಲಿ ನಾನು ಒಂದು ಬ್ರಾಂಡಿನ ಪ್ರೀಸ್ಕೂಲ್ ನಡೆಸುತ್ತೇನೆ. ಐದು ವರ್ಷದ ಫ್ರಾಂಚೈಸಿ ಒಪ್ಪಂದ, ಅಂದರೆ ಕಂಪನಿಯ ಹೆಸರಿನಲ್ಲಿ ನಾವು ಶಾಲೆ ನಡೆಸುವ ಕರಾರು, ಮುಗಿಯುತ್ತಾ ಬಂದಾಗ ಕಂಪನಿಯವರು ನವೀಕರಣದ ಕಾಗದ ಕಳಿಸಿದರು. ಅದನ್ನು ಇಲ್ಲಿನ ಒಬ್ಬ ವಕೀಲರ ಹತ್ತಿರ ಓದಿಸಿದೆ. ಅವರ ಸೇವೆ ಹೇಗಿತ್ತು ಅಂತ ಬರೆಯುತ್ತಿದ್ದೇನೆ. ವಕೀಲರು ಪ್ರಚಾರ ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಅವರೂ ಹೆಸರು ಹಾಕಬೇಡಿ ಎಂದರು. ಆದರೆ ಯಾವ ವಕೀಲರ ಹತ್ತಿರ ಹೋದರೂ ಇಷ್ಟು ಕೆಲಸ ಕೇಳಿ ಮಾಡಿಸಿಕೊಳ್ಳಿ ಅಂತ ವಿವರ ಕೊಡುತ್ತೇನೆ.

ಕಾಗದದ ಕಟ್ಟಿನ ಕೊನೆಗೆ ಎರಡು ಪುಟದ ರಿಲೀಸ್ ಪತ್ರ, ಅಂದರೆ ಹಕ್ಕು ಬಿಟ್ಟುಕೊಡುವ ಪತ್ರ, ಇತ್ತು. ಕಂಪನಿಯ ಏರಿಯಾ ಮ್ಯಾನೇಜರ್ ಫೋನಿನಲ್ಲಿ, "ಅದು ಸುಮ್ನೆ ಫಾರ್ಮಾಲಿಟಿ ಮೇಡಂ, ಎಲ್ಲ ಸೆಂಟರಿನವರೂ ಸಹಿ ಹಾಕಿದ್ದಾರೆ" ಎಂದರು. ಅದರಲ್ಲಿದ್ದುದು ಇಷ್ಟು: ಇವತ್ತಿನ ತನಕ ನಡೆದ ಯಾವ ವಿಷಯಕ್ಕೂ, ನನಗೆ ಗೊತ್ತಿರಲಿ ಗೊತ್ತಿಲ್ಲದಿರಲಿ, ಕಂಪನಿ, ಅದರ ಡೈರೆಕ್ಟರುಗಳು, ಅದರ ಬೇರೆ ಕಂಪನಿಗಳು, ಯಾರ ಮೇಲೂ ನಾನು ಕ್ಲೇಮ್ ಹಾಕುವಂತಿಲ್ಲ. ಗ್ಯಾರಂಟಿ ಹಾಕಿದ್ದ ನಮ್ಮ ಯಜಮಾನರೂ ಸಹಿ ಮಾಡಬೇಕು. ಕಂಪನಿ ಮಾತ್ರ ನಮ್ಮ ಮೇಲಿನ ಯಾವ ಕ್ಲೇಮನ್ನೂ ಬಿಟ್ಟಿರಲಿಲ್ಲ.

ವಕೀಲರು ಆ ಪತ್ರ ಓದುವ ಮೊದಲೇ ಒಂದು ಮಾತು ಕೇಳಿದರು. "ಏನಮ್ಮಾ, ಅವರಿಂದ ನಿಮಗೆ ಬರಬೇಕಾದ್ದು ಏನೇನಿದೆ? ಮೊದಲು ಅದನ್ನ ಬರ್ಕೊಂಡು ಬನ್ನಿ." ನನಗೆ ಅವರ ಸೇವೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳಿದ್ದು ಇದೇ. ಬರಬೇಕಾದ್ದರ ಲೆಕ್ಕವೇ ಇಲ್ಲದಿದ್ದರೆ, ಬಿಟ್ಟುಕೊಡುವ ಕಾಗದಕ್ಕೆ ಸಹಿ ಮಾಡಬೇಕೋ ಬೇಡವೋ ಅಂತ ಹೇಗೆ ತೀರ್ಮಾನಿಸೋದು?

ಪಟ್ಟಿ ಮಾಡಿದೆ. ಡಿಪಾಸಿಟ್ ಒಂದೂವರೆ ಲಕ್ಷ. ಕಡಿಮೆ ಬಂದ ಮಕ್ಕಳ ಕಿಟ್‌ಗಳಿಗೆ ಕಂಪನಿ ಕೊಡಬೇಕಿದ್ದ ಕ್ರೆಡಿಟ್ ನೋಟ್, ಅಂದರೆ ಅಷ್ಟು ಹಣ ನಮ್ಮ ಲೆಕ್ಕಕ್ಕೆ ಜಮಾ ಮಾಡುವ ಚೀಟಿ. ಮೊದಲ ವರ್ಷದ ಯೂನಿಫಾರ್ಮ್ ಹಣ. ಎಲ್ಲಕ್ಕಿಂತ ದೊಡ್ಡದು, ಮೂರು ಕಿಲೋಮೀಟರ್ ಒಳಗೆ ಇನ್ನೊಂದು ಸೆಂಟರ್ ಕೊಡುವುದಿಲ್ಲ ಅಂತ ಒಪ್ಪಂದದಲ್ಲಿದ್ದರೂ ಸಾಲಗಾಮೆ ರಸ್ತೆಯಲ್ಲಿ ಕೊಟ್ಟಿದ್ದು. ಆ ವರ್ಷ ನಮ್ಮ ನರ್ಸರಿ ಅಡ್ಮಿಷನ್ ಅರ್ಧಕ್ಕೆ ಇಳಿಯಿತು.

ಯೂನಿಫಾರ್ಮ್ ಹಣವನ್ನು ಅವರು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದರು. ಇಂಥ ಬಾಕಿಗೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ ಮಾತ್ರ, ಅದು ದಾಟಿತ್ತು. ಕಿಟ್ ವಿಷಯದಲ್ಲಿ ಮಾತ್ರ, "ಮುಂದಿನ ಬಿಲ್ಲಿನಲ್ಲಿ ಹೊಂದಿಸುತ್ತೇವೆ" ಅಂತ ಕಂಪನಿ ಹಾಕಿದ್ದ ಹಳೇ ಮೇಲ್ ಇತ್ತು. ಅವಧಿ ಮುಗಿಯುವ ಮೊದಲೇ ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡರೆ ಅಲ್ಲಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಆ ಮೇಲ್ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದರು.

"ಗೊತ್ತಿಲ್ಲದ ಕ್ಲೇಮ್" ಅಂದರೆ ಏನು ಅಂತ ಕೇಳಿದಾಗ ಅವರು ಕೊಟ್ಟ ಉದಾಹರಣೆ ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ನಮ್ಮ ಅಂಗಳದ ಜಾರುಬಂಡೆ ಕಂಪನಿಯೇ ಕಳಿಸಿದ್ದು. ಅದರಲ್ಲಿ ತಯಾರಿಕೆಯ ದೋಷ ಇದ್ದು, ಮುಂದೆ ಯಾವುದಾದರೂ ಮಗುವಿಗೆ ಪೆಟ್ಟಾದರೆ ತಂದೆತಾಯಿ ಬರುವುದು ನನ್ನ ಹತ್ತಿರ. ಅವರಿಗೆ ಪರಿಹಾರ ಕೊಟ್ಟು ನಾನು ಕಂಪನಿಯನ್ನು ಕೇಳಲು ಹೋದರೆ, ಈ ಪತ್ರ ತೋರಿಸಿ ಬಾಗಿಲು ಹಾಕಬಹುದು. ಮಕ್ಕಳನ್ನು ನಂಬಿ ಬಿಟ್ಟುಹೋಗುವ ಜಾಗ ಇದು. ಅಂಥ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕೋಕಾಗುತ್ತಾ?

ಕಾನೂನು ಭಾಗವನ್ನು ಅವರು ಕನ್ನಡದಲ್ಲೇ ನಿಧಾನವಾಗಿ ಬಿಡಿಸಿ ಹೇಳಿದರು. 1872ರ ಕರಾರು ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ಬರಬೇಕಾದ್ದನ್ನು ಬದಲಿಗೆ ಏನೂ ತಗೊಳ್ಳದೇ ಬಿಟ್ಟರೂ ಅದು ಬಿಟ್ಟ ಹಾಗೇ. ಮುಂದೆ ಹುಟ್ಟುವ ಜಗಳಕ್ಕೂ ಕೋರ್ಟಿಗೆ ಹೋಗಬಾರದು ಅಂತ ಬರೆದರೆ 28ನೇ ಸೆಕ್ಷನ್ನಿನಲ್ಲಿ ಅದು ನಿಲ್ಲುವುದಿಲ್ಲ. ಪಂಚಾಯ್ತಿದಾರರ ಮುಂದೆ, ಅಂದರೆ ಆರ್ಬಿಟ್ರೇಷನ್‌ಗೆ, ಹೋಗಬೇಕು ಅನ್ನೋ ಷರತ್ತು ಮಾತ್ರ ನಡೆಯುತ್ತದೆ. ಆದರೆ ಈಗಾಗಲೇ ಇರುವ ಬಾಕಿಯನ್ನು ನಾವೇ ಬರೆದು ಬಿಟ್ಟುಕೊಟ್ಟರೆ 28 ನಮ್ಮನ್ನು ಕಾಪಾಡಲ್ಲ.

ಒತ್ತಡ ಹಾಕಿ ಬರೆಸಿಕೊಂಡರು ಅಂತ ಆಮೇಲೆ ಹೇಳಬಹುದಲ್ವಾ ಸರ್, ಎಂದೆ. 2008ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಮತ್ತು ಬೊಘರಾ ಪಾಲಿಫ್ಯಾಬ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ದಾರಿ ತೆರೆದಿಟ್ಟಿದೆ ಎಂದರು. ಮೋಸ, ಬಲವಂತದಿಂದ ಪೂರ್ಣ ತೀರುವಳಿ ಪತ್ರ ಬರೆಸಿಕೊಂಡಿದ್ದರೆ ವಿವಾದ ಸತ್ತುಹೋಗುವುದಿಲ್ಲ. ಆದರೆ ಆಮೇಲಿನ ತೀರ್ಪುಗಳಲ್ಲಿ, ಬರೀ "ಒತ್ತಡ ಇತ್ತು" ಎಂದರೆ ಸಾಲದು, ಮೇಲ್ನೋಟಕ್ಕಾದರೂ ಆಧಾರ ಬೇಕು ಅಂತ ಬಂದಿದೆ. "ಸಹಿ ಹಾಕಿ ಆಮೇಲೆ ಅಳೋದಕ್ಕಿಂತ ಈಗಲೇ ಕೇಳೋದು ಸುಲಭ" ಎಂದರು.

ಆಸ್ಟ್ರೇಲಿಯಾದ ಫ್ರಾಂಚೈಸಿ ನಿಯಮಾವಳಿಯಲ್ಲಿ ಒಪ್ಪಂದದೊಳಗೆ ಇಂಥ ಸಾರಾಸಗಟು ರಿಲೀಸ್ ಹಾಕುವುದಕ್ಕೇ ನಿಷೇಧ ಇದೆ. ಅಮೆರಿಕದಲ್ಲಿ ಹೊಸಬರಿಗೆ ಸಹಿಗೆ 14 ದಿನ ಮೊದಲೇ ಕಂಪನಿಯ ಪೂರಾ ವಿವರ ಕೊಡಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಇಷ್ಟು ಜನ ಉಳಿತಾಯದ ಹಣ ಹಾಕುವ ವ್ಯವಹಾರಕ್ಕೆ ಒಂದು ಕಾಯ್ದೆ ಬರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅವರು ಬರೆದುಕೊಟ್ಟ ತಿದ್ದುಪಡಿ ಒಂದೇ ಪುಟದ್ದು. ರಿಲೀಸ್ ಎರಡೂ ಕಡೆಯಿಂದ ಇರಲಿ. ಡಿಪಾಸಿಟ್, ಕಿಟ್ ಬಾಕಿ, ಕಂಪನಿ ಕಳಿಸಿದ ಸಾಮಾನಿನಿಂದ ಮೂರನೆಯವರು ಹಾಕುವ ಕ್ಲೇಮ್, ಈ ಮೂರು ಹೊರಗಿರಲಿ. "ಗೊತ್ತಿಲ್ಲದ" ಅನ್ನೋ ಪದ ಹೋಗಲಿ. ಕಂಪನಿ ಒಂದಿಷ್ಟು ಎಳೆದಾಡಿ ಇವನ್ನೆಲ್ಲ ಒಪ್ಪಿತು. ಸಾಲಗಾಮೆ ರಸ್ತೆಯ ಸೆಂಟರ್ ವಿಷಯ ಮಾತ್ರ ಬಿಡಬೇಕಾಯಿತು. ಬದಲಿಗೆ ನವೀಕರಣ ಶುಲ್ಕ ಕಡಿಮೆ ಮಾಡಿಸಿಕೊಂಡೆ. ಪಟ್ಟಿ ಕೈಯಲ್ಲಿ ಇದ್ದಿದ್ದಕ್ಕೇ ಆ ಮಾತು ಆಡಲು ಧೈರ್ಯ ಬಂತು.

ಕೊರತೆಗಳೂ ಇವೆ. ಹಗಲೆಲ್ಲ ಕೋರ್ಟು, ಸಂಜೆ ಮಾತ್ರ ಸಿಗುತ್ತಾರೆ. ಮಾತಿನ ಮಧ್ಯೆ ಫೋನು ಜಾಸ್ತಿ. ಟಿಪ್ಪಣಿ ಕೈಬರಹದಲ್ಲೇ ಕೊಟ್ಟರು, ಟೈಪ್ ಮಾಡಿದ ಅಭಿಪ್ರಾಯ ಬೇಕಂದರೆ ಬೇರೆ ಫೀಸು. ಆರ್ಬಿಟ್ರೇಷನ್ ದೂರದ ಊರಲ್ಲೇ ನಡೆಯಬೇಕು ಅನ್ನೋ ಷರತ್ತಿನ ಮೇಲೆ ಅವರು ಇನ್ನೂ ಹಟ ಹಿಡಿಯಬೇಕಿತ್ತು. ಹಾಸನದಿಂದ ಅಷ್ಟು ದೂರ ಓಡಾಡುವ ಖರ್ಚಿಗೇ ಸಣ್ಣ ಕ್ಲೇಮ್ ಮುಗಿದುಹೋಗುತ್ತದೆ. ಆ ಷರತ್ತು ಹಾಗೇ ಉಳಿಯಿತು.

ಫೀಸು 4,000 ರೂಪಾಯಿ, ಕೇಳಿದ ಮೇಲೆ ರಸೀದಿ ಕೊಟ್ಟರು. ಹೋಗುವವರು ಮೂಲ ಒಪ್ಪಂದ, ಡಿಪಾಸಿಟ್ ರಸೀದಿ, ಕಂಪನಿಯ ಹಳೇ ಮೇಲ್‌ಗಳ ಪ್ರಿಂಟ್ ಎಲ್ಲ ಹಿಡಿದುಕೊಂಡು ಹೋಗಿ. ಹಾಸನಾಂಬೆ ದರ್ಶನ ನಡೆಯುವಾಗ ಊರೊಳಗೆ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ, ಆ ವಾರಗಳನ್ನು ಬಿಟ್ಟು ಸಮಯ ಕೇಳಿ.